ಹೊಟ್ಟೆ ಕಡಿತಕ್ಕೊಂದು ಗ್ಲಾಸರಿ

ಈ ಇಂಗ್ಲಿಷರ ದೇಶದಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಯಾವುದು ಎಂದು ಕೇಳಿದರೆ ಚಳಿ ಎಂದು ನಾನು ಹೇಳುವುದಿಲ್ಲ, ‘ಗ್ಲಾಸರಿ’ ಎನ್ನುತ್ತೇನೆ. ತೊಂಬತ್ತರ ದಶಕದಲ್ಲಿ ಸಟನ್ ಎಂಬ ಊರಿನ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಮೇಲಧಿಕಾರಿ ಮಾರ್ಗರೆಟ್, ಗ್ಲಾಸರಿ ಎಲ್ಲಿ ಎಂದು ಕೇಳಿದಳು. ನನಗೆ ಗ್ರೋಸರಿ ಎಂದು ಕೇಳಿಸಿತು. ಊಟದ ಹೊತ್ತಿಗೆ ಹೋಗಿ ತರುತ್ತೇನೆ, ಏನೇನು ಬೇಕು ಎಂದೆ. ಆಕೆ ನಗಲಿಲ್ಲ, ಕೂರಿಸಿಕೊಂಡು ಪಾಠ ಹೇಳಿದಳು. ಇಡೀ ಭಾಷೆಯ ಪದಗಳಿದ್ದರೆ ಅದು ಡಿಕ್ಷನರಿಯಂತೆ. ಒಂದು ಕಸುಬಿನದೋ ಒಂದು ಪುಸ್ತಕದ್ದೋ ತೊಡಕಿನ ಪದಗಳನ್ನಷ್ಟೇ ಆರಿಸಿ, ಅರ್ಥ ಬರೆದು ಕೊನೆಗೆ ಅಂಟಿಸಿದರೆ ಗ್ಲಾಸರಿಯಂತೆ. ಆಮೇಲೆ ನೋಡುತ್ತೇನೆ, ಕೌನ್ಸಿಲ್‌ನವರ ಕಸದ ಡಬ್ಬಿಯ ಕರಪತ್ರದಿಂದ ಹಿಡಿದು ಮೂತ್ರಪಿಂಡದ ಕೈಪಿಡಿಯವರೆಗೆ ಎಲ್ಲಕ್ಕೂ ಈ ಬಾಲ. ಆ ಅರ್ಥಗಳು ಅರ್ಥವಾಗಲು ಇನ್ನೊಂದು ಗ್ಲಾಸರಿ ಬೇಕು. ಅವನ್ನೆಲ್ಲ ಟೈಪ್ ಮಾಡಿ ಬೆರಳು ಸವೆದರೂ ನನಗೊಂದು ಸಮಾಧಾನವಿತ್ತು: ಮನೆಗೆ ಹೋದರೆ ಕನ್ನಡ, ಅಲ್ಲಿ ಇಂಥದ್ದೇನೂ ಬೇಕಿಲ್ಲ.

ಆ ಸಮಾಧಾನ ನಮ್ಮತ್ತೆ ಧಾರವಾಡದಿಂದ ಬರುವವರೆಗೆ ಉಳಿಯಿತು. ನಾನು ಮೈಸೂರಿನವಳು, ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ಡಾಕ್ಟರು. ಆ ವಾರ ಬೇರೆ ಊರಿನ ಆಸ್ಪತ್ರೆಯಲ್ಲಿ ಡ್ಯೂಟಿ ಎಂದು ಅಲ್ಲೇ ಉಳಿದಿದ್ದರು. ಸೋಮವಾರ ಬೆಳಿಗ್ಗೆ ಅತ್ತೆ ತಿಂಡಿ ಬೇಡವೆಂದರು. ಅವರ ಮುಖ ಬಾಡಿದ್ದು ಕಂಡು ನಮ್ಮ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅತ್ತೆಗೆ ಇಂಗ್ಲಿಷ್ ಬಾರದು. ದುಭಾಷಿ ನಾನೇ.

ಏನು ತೊಂದರೆ ಎಂದು ಡಾಕ್ಟರು ಕೇಳಿದರು. ಆರಾಮಿಲ್ಲ ಎಂದರು ಅತ್ತೆ. ಅವರಿಗೆ ವಿಶ್ರಾಂತಿಯೇ ಸಿಗುತ್ತಿಲ್ಲವಂತೆ ಎಂದು ನಾನು ಸಲೀಸಾಗಿ ಅನುವಾದಿಸಿದೆ. ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ಮನೆಕೆಲಸವನ್ನು ಯಾರು ಮಾಡುತ್ತಾರೆ ಎಂದು ಮೆಲ್ಲಗೆ ವಿಚಾರಿಸಿದರು. ಬಂದ ದಿನದಿಂದ ಅವರಿಗೆ ಒಂದು ಲೋಟ ಎತ್ತಿಡಲೂ ಬಿಡದ ನನಗೆ ಅಳು ಬಂತು. ಅಷ್ಟರಲ್ಲಿ ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಹೊಟ್ಟಿ ಭಾಳ ಕಡೀಲಿಕತ್ತದ ಅಂತ ಹೇಳವಾ’ ಎಂದರು. ಮೈಸೂರಿನಲ್ಲಿ ಸೊಳ್ಳೆ ಕಚ್ಚಿದ ಜಾಗ ಕಡಿಯುತ್ತದೆ, ಒರಟು ಉಣ್ಣೆಯ ಸ್ವೆಟರ್ ಕಡಿಯುತ್ತದೆ. ಹೊಟ್ಟೆ ತುರಿಸುತ್ತಿದೆಯಂತೆ ಎಂದೆ. ಡಾಕ್ಟರು ಚರ್ಮವನ್ನು ದೀಪ ಹಿಡಿದು ನೋಡಿದರು, ಗುಳ್ಳೆ ಕಾಣಲಿಲ್ಲ. ಹೀಟರಿನ ಗಾಳಿಗೆ ಚರ್ಮ ಒಣಗಿದೆ, ಹೊಸದಾಗಿ ಬಂದವರಿಗೆಲ್ಲ ಹೀಗೇ ಎಂದು ಒಂದು ಮುಲಾಮು ಬರೆದುಕೊಟ್ಟರು.

ನಾಲ್ಕು ದಿನ ನಾನು ದಿನಕ್ಕೆ ಮೂರು ಸಲ ಶ್ರದ್ಧೆಯಿಂದ ಆ ಮುಲಾಮು ಹಚ್ಚಿದೆ. ಅತ್ತೆ ಹಲ್ಲು ಕಚ್ಚಿಕೊಂಡು ಹಚ್ಚಿಸಿಕೊಂಡರು. ಇಲ್ಲಿ ಹೊಟ್ಟೆನೋವಿಗೆ ಹೊರಗಿನಿಂದಲೇ ಔಷಧಿ ಎಂದು ಅವರು ತಿಳಿದಿದ್ದರಂತೆ. ಫೋನಿನಲ್ಲಿ ಮಗ ಕೇಳಿದರೆ, ಸೊಸೆ ಚೆನ್ನಾಗಿ ಉಪಚಾರ ಮಾಡುತ್ತಿದ್ದಾಳೆ ಎಂದಷ್ಟೇ ಹೇಳುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಇವರು ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಮುದುಡಿ ಮಲಗಿದ್ದರು, ನಾನು ಮುಲಾಮಿನ ಕೈಯಲ್ಲೇ ಬಾಗಿಲು ತೆಗೆದೆ. ನಡೆದದ್ದನ್ನೆಲ್ಲ ಕೇಳಿ ಇವರು, ‘ಹೊಟ್ಟಿ ಕಡಿಯೋದಂದ್ರ ಬ್ಯಾನಿ, ನೋವು. ತುರಿಕಿ ಅಲ್ಲ’ ಎಂದರು. ಅಂದು ಸಂಜೆಯೇ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಪಿತ್ತಕೋಶದಲ್ಲಿ ಕಲ್ಲು, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಸರ್ಜನ್ ಹೇಳಿದರು. ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಆಪರೇಷನ್ ಸುಸೂತ್ರವಾಯಿತು. ಆದರೆ ನಾನು ಆಫೀಸಿನಲ್ಲಿ ಕೂತರೂ ಕೆಲಸ ಸಾಗದು. ಮಾರ್ಗರೆಟ್ ಕಾರಣ ಕೇಳಿದಾಗ ತಪ್ಪೊಪ್ಪಿಕೊಂಡೆ. ಆಕೆ ಸಮಾಧಾನದ ಮಾತೇನೂ ಆಡದೆ, ಹಾಗಿದ್ದರೆ ಒಂದು ಗ್ಲಾಸರಿ ಮಾಡು ಎಂದಳು. ಮಾಡಿದೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಾಮಿಲ್ಲ, ಜಡ್ಡು, ಬ್ಯಾನಿ, ತ್ರಾಸ ಎಂದು ಅವರ ಕಡೆಯ ನರಳಾಟವನ್ನೆಲ್ಲ ಅಕ್ಷರಾನುಕ್ರಮದಲ್ಲಿ ಜೋಡಿಸಿ, ಎದುರಿಗೆ ಇಂಗ್ಲಿಷ್ ಅರ್ಥ ಬರೆದು, ಎರಡು ಪುಟ ಟೈಪ್ ಮಾಡಿದೆ. ವಾರ್ಡಿನ ಡಾಕ್ಟರುಗಳಿಗೆ ಹಂಚಲೆಂದು ಆರು ಪ್ರತಿ ತೆಗೆದು, ಸ್ವಲ್ಪ ಹೆಮ್ಮೆಯಿಂದಲೇ, ಮೊದಲು ಅತ್ತೆಗೆ ತೋರಿಸಲು ಹೋದೆ.

ದಿಂಬಿಗೊರಗಿ ಕೂತಿದ್ದ ಅತ್ತೆ ಇದೇನೆಂದು ಕೇಳಿದರು. ನಿಮ್ಮ ಮಾತು ಡಾಕ್ಟರಿಗೆ ತಿಳಿಯಲಿ ಅಂತ ಮಾಡಿದ್ದು ಎಂದೆ. ಅವರು ಕನ್ನಡ ಪದಗಳ ಮೇಲೆ ಬೆರಳಾಡಿಸುತ್ತಾ ನಿಧಾನವಾಗಿ ಕೆಳಗಿನವರೆಗೂ ಓದಿದರು. ಆಮೇಲೆ ಹಾಳೆಯನ್ನು ಮಡಚಿದರು.

‘ಡಾಕ್ಟರ್ ತಪ್ಪು ತಿಳ್ಕೊಂಡಿದ್ದಿಲ್ಲವಾ. ನೀ ಹೇಳಿದ್ದಕ್ಕ ಸರಿಯಾಗೇ ಔಷಧಿ ಕೊಟ್ಟಿದ್ದ’ ಎಂದರು. ಹಾಗೆಂದು ನನ್ನ ಕೈಯಲ್ಲಿದ್ದವನ್ನೂ ತೆಗೆದುಕೊಂಡು ಆರೂ ಪ್ರತಿಗಳನ್ನು ಒಂದೊಂದಾಗಿ ನನ್ನ ಕೈಚೀಲಕ್ಕೇ ಹಾಕಿದರು.