ಕೃಷ್ಣಪ್ಪನ ಪಾಲಾದ ಲೇತ್

ಹೊಟ್ಟೆಕಿಚ್ಚಿನಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಎಲ್ಲರೂ ನೆರೆಯವನ ಸ್ಕೂಟರ್ ನೋಡಿ ಉರಿದರೆ, ನಾನು ಉರಿದದ್ದು ಕಬ್ಬಿಣ ಕಡೆಯುವ ಒಂದು ಲೇತ್ ಯಂತ್ರಕ್ಕಾಗಿ. ಎಂಬತ್ತರ ದಶಕದ ಆರಂಭದಲ್ಲಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಅದು ನನ್ನದಾಗಿತ್ತು. ಮನೆಯ ಹೆಂಚು ಸರಿಮಾಡಲು ಮೇಲೆ ಹತ್ತಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗಿನದೆಲ್ಲ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಗಾಲಿಕುರ್ಚಿಯಲ್ಲಿ ಕೆಲಸಕ್ಕೆ ಮರಳಿದಾಗ ನನ್ನನ್ನು ಸ್ಟೋರಿನ ಕಿಟಕಿಯ ಹಿಂದೆ ಕೂರಿಸಿದರು. ಲೇತ್ ನನ್ನ ಜೊತೆ ಕೆಲಸಕ್ಕಿದ್ದ ಕೃಷ್ಣಪ್ಪನ ಪಾಲಾಗಿತ್ತು.

ಉಳಿದದ್ದಕ್ಕೆಲ್ಲ ಹೇಗೋ ಹೊಂದಿಕೊಂಡೆ. ಹಾಸಿಗೆಯಿಂದ ಕುರ್ಚಿಗೆ ಜಾರುವುದು, ಬಚ್ಚಲಿನ ಹೊಸ್ತಿಲೊಡನೆ ಜಗಳವಾಡುವುದು, 'ಅಯ್ಯೋ ಪಾಪ' ಎಂದವರಿಗೆ ಹಲ್ಲು ಕಿರಿಯುವುದು ಎಲ್ಲ ಕಲಿತೆ. ಆದರೆ ನನ್ನ ಕೈಯಲ್ಲಿ ದಿನವೂ ರಂಪ ಮಾಡುತ್ತಿದ್ದ ಲೇತ್, ಅವನ ಕೈಯಲ್ಲಿ ತೆಪ್ಪಗೆ ತಿರುಗುವುದು ಸ್ಟೋರಿನವರೆಗೂ ಕೇಳುತ್ತಿತ್ತಲ್ಲ, ಅದನ್ನು ಸಹಿಸಲಾಗಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ, "ನನ್ ವಿಷಯದಲ್ಲಿ ಒಂದಿನಾದ್ರೂ ಇಷ್ಟು ಹೊಟ್ಟೆ ಉರ್ಕೊಂಡಿದೀರಾ?" ಎಂದಳು.

ಆಯುಧಪೂಜೆ ಬಂತು. ನಮ್ಮಲ್ಲಿ ಯಂತ್ರ ಓಡಿಸುವವನೇ ಅದಕ್ಕೆ ಪೂಜೆ ಮಾಡಬೇಕು. ನಾನೇ ಕೈಯಾರೆ ಹಾರ ಹಾಕಿ, ಲೇತ್ ಯಾರದೆಂದು ಎಲ್ಲರಿಗೂ ತೋರಿಸಿಬಿಡುತ್ತೇನೆಂದು ದಾಸರಹಳ್ಳಿಯಲ್ಲಿ ಚೆಂಡುಹೂವಿನ ದೊಡ್ಡ ಹಾರ ಕೊಂಡು ತೊಡೆಯ ಮೇಲಿಟ್ಟುಕೊಂಡು ಹೋದೆ. ಕೃಷ್ಣಪ್ಪ ನೋಡಿದ್ದೇ ತಡ, "ಏ ಬನ್ರೋ! ನಮ್ ಗುರು ಗಾಡಿ ಪೂಜೆಗೆ ಹೂವ ತಂದವ್ನೆ!" ಎಂದು ಕೂಗಿ, ಹಾರ ಕಸಿದು ನನ್ನ ಕುರ್ಚಿಗೆ ಸುತ್ತಿಬಿಟ್ಟ. ಯಾರೋ ಕುಂಕುಮವಿಟ್ಟರು, ಯಾರೋ ಬೂದುಗುಂಬಳ ಒಡೆದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಬಂದವು. "ಬಿಡು ಗುರು ಗಾಡಿ!" ಹಾರ ಲೇತಿಗೆ ತಂದದ್ದು ಎನ್ನಲು ಬಾಯಿ ಬರಲಿಲ್ಲ. ಗಾಲಿ ತಳ್ಳಿದೆ. ನಿಂಬೆಹಣ್ಣು ಪಚಕ್ಕೆಂದಿತು, ಚಪ್ಪಾಳೆ ಬಿತ್ತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಆ ಕುರ್ಚಿ ಆಸ್ಪತ್ರೆಯದಲ್ಲ, ನನ್ನದು ಎಂದು ಮೊದಲ ಬಾರಿಗೆ ಅನ್ನಿಸಿತು. ಲೇತನ್ನು ಕೃಷ್ಣಪ್ಪನೇ ಇಟ್ಟುಕೊಳ್ಳಲಿ ಎಂದು ಮನಸ್ಸಿನಲ್ಲೇ ದಾನ ಮಾಡಿದೆ.

ಊಟಕ್ಕೆ ನಾನು ಬೆಂಚಿಗೆ ಸರಿದು ಕೂತಿದ್ದೆ. "ಗುರು, ಒಂದ್ ರೌಂಡ್ ಹೊಡೀಲಾ?" ಎಂದ ಕೃಷ್ಣಪ್ಪ, ಉತ್ತರಕ್ಕೂ ಕಾಯದೆ ಕುರ್ಚಿಯೇರಿ ಅಂಗಳ ಸುತ್ತಿ ಬಂದ. ನಾನು ತಳ್ಳಿದಾಗಲೆಲ್ಲ ಕಿರುಗುಟ್ಟಿ ಮಾನ ಕಳೆಯುತ್ತಿದ್ದ ಕುರ್ಚಿ, ಅವನ ಕೈಯಲ್ಲಿ ಉಸಿರೆತ್ತಲಿಲ್ಲ. ಅವನನ್ನು ಗದರಿಸಿ ಇಳಿಸಿ ಅದರ ಮೇಲೆ ಕೂತೆನಾದರೂ, ಮನೆ ಸೇರುವವರೆಗೆ ಅದರೊಡನೆ ನಾನು ಮಾತಾಡಲಿಲ್ಲ.