ಗಿಂಡಿ ಕಳ್ಳನ ಪತ್ತೆಗೆ ಒಂದು ಪೆಟ್ಟಿಗೆ

ಇಪ್ಪತ್ತೊಂದು ವರ್ಷದ ಹಿಂದೆ ಕಾಣೆಯಾದ ಒಂದು ಹಿತ್ತಾಳೆ ಗಿಂಡಿಯಿಂದಾಗಿ ಸುಜನನ ಮದುವೆ ನಿಂತುಹೋಗಿತ್ತು.

ಗಿಂಡಿ ಎಂದರೆ ಮಹಾ ದೊಡ್ಡದೇನಲ್ಲ. ಒಂದೇ ಕೈಯಲ್ಲಿ ಹಿಡಿಯಬಹುದಾದ, ಮೂತಿಯಿರುವ ನೀರಿನ ಪಾತ್ರೆ. ಸುಜನನ ತಾಯಿ ಬಾಗಿ ಮದುವೆಯಾಗಿ ಗಂಗೊಳ್ಳಿಗೆ ಬರುವಾಗ ತವರಿನಿಂದ ತಂದದ್ದು. 1991ರಲ್ಲಿ ಸುಜನನ ಅಪ್ಪ ಹೊಸ ಬೋಟು ನೀರಿಗಿಳಿಸಿದ ದಿನ ಪೂಜೆಗೆಂದು ಅದನ್ನು ಬಂದರಿಗೆ ಒಯ್ದಿದ್ದರು. ಪೂಜೆ ಮುಗಿಯುವಾಗ ಬೋಟು ಇತ್ತು, ಭಟ್ಟರಿದ್ದರು, ಗಿಂಡಿ ಮಾತ್ರ ಇರಲಿಲ್ಲ. ಕಾಣೆಯಾಗುವ ಮುನ್ನ ಅದು ಪಕ್ಕದ ಮನೆ ಮಂಜನ ಕೈಯಲ್ಲಿದ್ದದ್ದನ್ನು ಬಾಗಿ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಮಂಜ ಅವಳ ಬಾಯಲ್ಲಿ ‘ಗಿಂಡಿ ಕಳ್ಳ’ ಆದ. ಎರಡು ಮನೆಗಳ ನಡುವೆ ಬೇಲಿ ಎದ್ದಿತು. ಬೇಲಿಯಾಚೆ ಈಚೆ ಹೋಗಿಬರುತ್ತಿದ್ದದ್ದು ಕೋಳಿಗಳು ಮಾತ್ರ.

ಇಂಥ ಬೇಲಿಯಾಚೆಯ ಮಂಜನ ಮಗಳು ಸೌಜನ್ಯಳನ್ನೇ ಸುಜನ ಮೆಚ್ಚಬೇಕೆ? ಅವನು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವಳು ಕುಂದಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಬೆಳಗ್ಗೆ ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಎರಡು ವರ್ಷ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡಿದ ಮೇಲೆ ಸುಜನ ಮನೆಯಲ್ಲಿ ಬಾಯಿ ಬಿಟ್ಟ.

“ಅವ ಗಿಂಡಿ ಕದ್ದದ್ದ್ ಹೌದ್ ಅಂತ ಒಪ್ಕಂಬ್ಲಿ, ಮತ್ತೆ ಮಾತ್,” ಎಂದಳು ಬಾಗಿ.

“ಅವ್ರ್ ತಪ್ಪಾಯ್ತ್ ಅಂತ ಹೇಳ್ಲಿ, ಮತ್ತೆ ಮಾತ್,” ಎಂದು ಬೇಲಿಯಾಚೆಯಿಂದ ಉತ್ತರ ಬಂತು.

ಹೀಗೆ ಒಂದು ವರ್ಷ ಕಳೆಯಿತು. ಈಗ, 2012ರ ಜುಲೈ ತಿಂಗಳ ಒಂದು ಭಾನುವಾರ, ಪರಿಸ್ಥಿತಿ ಕುತ್ತಿಗೆಗೆ ಬಂದಿತ್ತು. ಮರುದಿನ ಸೌಜನ್ಯಳನ್ನು ನೋಡಲು ಬೈಂದೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

ಆದರೆ ಸುಜನನ ಕೈಗೊಂದು ಅಸ್ತ್ರ ಸಿಕ್ಕಿತ್ತು. ಬೋಟು ಇಳಿಸಿದ ದಿನ ಮುಂಬೈಯಿಂದ ಬಂದಿದ್ದ ಚಿಕ್ಕಪ್ಪ ವಿಡಿಯೋ ಮಾಡಿದ್ದರು. ಅವರ ಮಗ ಅಶೋಕ್ ಆ ಹಳೇ ಕ್ಯಾಸೆಟ್ಟನ್ನು ಹುಡುಕಿ, ಕಂಪ್ಯೂಟರಿನಲ್ಲಿ ನೋಡುವ ಹಾಗೆ ಮಾಡಿ, ಪೆನ್ ಡ್ರೈವಿಗೆ ಹಾಕಿ ಕೊರಿಯರ್ ಮಾಡಿದ್ದ. ಸುಜನ ಮಹಡಿಯ ಮೇಲಿನ ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಮಂಜ ಇದ್ದ, ಕೈಯಲ್ಲಿ ಏನೋ ಇತ್ತು. ಆದರೆ ಅದು ಗಿಂಡಿಯೋ ತೆಂಗಿನಕಾಯಿಯೋ ಆ ಸಣ್ಣ ಮಬ್ಬು ಪರದೆಯಲ್ಲಿ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕೆಳಗೆ ಚಾವಡಿಯ ಗೋಡೆಗೆ ನಲವತ್ತೆರಡು ಇಂಚಿನ ಟಿವಿ ಇತ್ತು. ಪೆನ್ ಡ್ರೈವ್ ಹಾಕಿದರೆ ಅದು ‘ಈ ಫೈಲ್ ನನಗಾಗದು’ ಎಂದು ಮುಖ ತಿರುಗಿಸಿತು. ಮಹಡಿ ಹತ್ತಲು ಬಾಗಿಯ ಮಂಡಿ ಬಿಡುತ್ತಿರಲಿಲ್ಲ.

“ದೊಡ್ಡ ಟಿವಿ ಮೇಲೆ ತೋರ್ಸುದಾರೆ ನಾನ್ ಬತ್ತೆ. ಎಲ್ಲರೆದ್ರಿಗೇ ಆಯ್ಲಿ,” ಎಂದು ಮಂಜ ಹೇಳಿಕಳಿಸಿದ. ಸಂಜೆ ಐದು ಗಂಟೆ ಎಂದು ನಿಶ್ಚಯವಾಯಿತು. ಅವನು ಕದಿಯಲಿಲ್ಲ ಎಂದು ವಿಡಿಯೋದಲ್ಲಿ ಕಂಡರೆ ಅಮ್ಮ ಸೋಲುತ್ತಾಳೆ, ಬೇಲಿ ಬೀಳುತ್ತದೆ, ಬೈಂದೂರಿನವರು ಚಹಾ ಕುಡಿದು ವಾಪಸು ಹೋಗುತ್ತಾರೆ ಎಂದು ಸುಜನ ಲೆಕ್ಕ ಹಾಕಿದ. ಮಂಜ ಕದಿಯುವವನಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು.

ಕುಂದಾಪುರದ ಟಿವಿ ಅಂಗಡಿಯ ಪ್ರಜ್ವಲ್ ಫೋನಿನಲ್ಲಿ ದಾರಿ ಹೇಳಿದ. ಕಂಪ್ಯೂಟರಿನಲ್ಲಿರುವ ವಿಡಿಯೋವನ್ನು ಅಲ್ಲಿಂದಲೇ ಎಳೆದು ಟಿವಿಗೆ ಕೊಡುವ ನೆಟ್‌ವರ್ಕ್ ಪ್ಲೇಯರ್ ಎಂಬ ಪೆಟ್ಟಿಗೆ ಬಂದಿದೆ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ.

ಸುಜನ ಒಬ್ಬನೇ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅದು ಮೀನುಗಾರಿಕೆಗೆ ರಜೆಯ ಕಾಲ. ಬೋಟುಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಜಗಲಿಯಲ್ಲಿ. ಕೈಗೆ ಕೆಲಸವಿಲ್ಲದಾಗ ಬಾಯಿಗೆ ಕೆಲಸ ಜಾಸ್ತಿ.

“ಹ್ವಾಯ್ ಸುಜನ, ಎಲ್ಲಿಗ್ ಹೊರ್ಟದ್ದ್?” ಎಂದು ಎದುರು ಮನೆಯ ಗುಡ್ಡಣ್ಣ ಬಲೆ ಹೆಣೆಯುವುದನ್ನು ಬಿಟ್ಟು ಎದ್ದ. ವಿಷಯ ಕೇಳಿದ ಮೇಲೆ ಅಂಗಿ ಹಾಕಿಕೊಂಡೇ ಬಿಟ್ಟ. “ಒಬ್ನೇ ಹೋಯ್ಬೇಡ. ಸಾಮಾನ್ ಆರ್ಸುದ್ ಅಂದ್ರೆ ಎಂತ ಅಂತ ನಿಂಗೆ ಗೊತ್ತಿಲ್ಲೆ. ನಾನೂ ಬತ್ತೆ.”

ಗುಡ್ಡಣ್ಣ ನಲವತ್ತು ವರ್ಷ ಬಂದರಿನಲ್ಲಿ ಮೀನು ಆರಿಸಿದವನು. ಸಗಟು ವ್ಯಾಪಾರಿಗಳು ಅವನ ಕಣ್ಣನ್ನು ನಂಬಿ ಲಾರಿ ತುಂಬಿಸುತ್ತಿದ್ದರು. ಅಂಥವನನ್ನು ಬೇಡ ಎನ್ನಲು ಸುಜನನಿಗೆ ನಾಲಗೆ ಬರಲಿಲ್ಲ.

ಪ್ರಜ್ವಲ್ ಮೂರು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, “ಇದ್ ತಕಣಿ, ವಾಯರ್ ಬ್ಯಾಡ, ಗಾಳಿ ಮೇಲೇ ಎಳಿತ್ತ್,” ಎಂದು ಮೊದಲನೆಯದನ್ನು ಮುಂದೆ ತಳ್ಳಿದ.

ಗುಡ್ಡಣ್ಣ ಅದನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಮಾಡಿದ. “ತೂಕವೇ ಇಲ್ಲೆ ಮಾರಾಯ. ಒಳ್ಗೆ ಮಾಂಸ ಇದ್ರೆ ಅಲ್ದಾ?” ಎಂದು ಪಕ್ಕಕ್ಕಿಟ್ಟ. ಎರಡನೆಯದನ್ನು ಮೂಗಿನ ಹತ್ತಿರ ತಂದು ಮೂಸಿದ. ಹೊಟ್ಟೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಅದು ‘ಕಟ್’ ಎಂದಿತು. “ಮೆತ್ತಗಾಯ್ತ್,” ಎಂದು ಅದನ್ನೂ ಸರಿಸಿದ. ಮೂರನೆಯದು ಹಳೇ ಮಾದರಿಯದು, ಇಟ್ಟಿಗೆಯಷ್ಟು ಭಾರ. ಪ್ರಜ್ವಲ್ ಕರೆಂಟಿಗೆ ಹಾಕಿದಾಗ ಅದರ ಪಕ್ಕೆಯಲ್ಲಿ ಕೆಂಪು ದೀಪವೊಂದು ಹೊತ್ತಿತು.

“ಕಾಣ್, ಕಾಣ್! ಕಿವಿರ್ ಹ್ಯಾಂಗ್ ಕೆಂಪ್ ಇತ್ತ್! ಇದ್ ಇವತ್ತಿನ ಮಾಲ್,” ಎಂದು ಗುಡ್ಡಣ್ಣ ಹಿಗ್ಗಿದ.

“ಗುಡ್ಡಣ್ಣ, ಇದಕ್ಕೆ ವಾಯರ್ ಎಳೀಕ್. ಮ್ಯಾಲಿಂದ ಕೆಳ್ಗಿನ ತನ್ಕ,” ಎಂದು ಪ್ರಜ್ವಲ್ ಎಚ್ಚರಿಸಿದ.

“ನಾವ್ ಹಗ್ಗ ಎಳ್ದವ್ರಲ್ದಾ? ವಾಯರ್ ಎಂತ ಲೆಕ್ಕ?”

ಸುಜನ ಆಸೆಯಿಂದ ಮೊದಲನೆಯ ಪೆಟ್ಟಿಗೆಯ ಕಡೆ ನೋಡಿದ. ಗುಡ್ಡಣ್ಣ ಸುಜನನ ಕಡೆ ನೋಡಿದ. ಮೂರನೆಯ ಪೆಟ್ಟಿಗೆ ಚೀಲಕ್ಕಿಳಿಯಿತು. ಅಂಗಡಿಯಲ್ಲಿ ಉದ್ದದ ವಾಯರ್ ಇರಲಿಲ್ಲ. ಹದಿನೈದು ಮೀಟರಿನದೊಂದು, ಹತ್ತು ಮೀಟರಿನದೊಂದು ಇತ್ತು. ಎರಡನ್ನೂ ಜೋಡಿಸುವ ಕನೆಕ್ಟರ್ ಮಂಗಳೂರಿನಿಂದ ಬುಧವಾರ ಬರಬೇಕಿತ್ತು. “ಜೋಡ್ಸುದ್ ನಂಗ್ ಬಿಡ್,” ಎಂದ ಗುಡ್ಡಣ್ಣ.

ವಾಪಸು ಬರುವಾಗ ಕಡವಿನ ದೋಣಿಯಲ್ಲಿದ್ದವರೆಲ್ಲ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ ತೂಗಿ ನೋಡಿದರು. ಭಾರದ ವಿಷಯದಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

ಮೂರು ಗಂಟೆಗೆ ಕೆಲಸ ಶುರುವಾಯಿತು. ಸುಜನ ಊಟದ ತಟ್ಟೆ ತೊಳೆದು ಬರುವಷ್ಟರಲ್ಲಿ ಗುಡ್ಡಣ್ಣ ಎರಡೂ ವಾಯರುಗಳ ಒಂದೊಂದು ತುದಿಯನ್ನು ಬಲೆಯ ಚೂರಿಯಿಂದ ಕತ್ತರಿಸಿ, ಎರಡನ್ನೂ ಸೇರಿಸಿ ಬಲೆಯ ಗಂಟು ಹಾಕಿ ಬಿಗಿದಿದ್ದ.

“ಗುಡ್ಡಣ್ಣ! ಎಂತ ಮಾಡಿದ್ರಿ?”

“ಎಳ್ದ್ ಕಾಣ್. ತಿಮಿಂಗ್ಲ ಬಿದ್ರೂ ಬಿಚ್ಚುದಿಲ್ಲೆ.”

ಸುಜನ ಎಳೆದು ನೋಡಿದ. ನಿಜಕ್ಕೂ ಬಿಚ್ಚಲಿಲ್ಲ. ಆದರೆ ವಿಡಿಯೋ ಅದರೊಳಗಿಂದ ಬರಲಿಲ್ಲ. ಪೆಟ್ಟಿಗೆಯ ದೀಪ ಕೆಂಪಾಗಿಯೇ ಉಳಿಯಿತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಬಿಡಿಸಿದಾಗ, ಕೆಂಪು ದೀಪ ಎಂದರೆ ಸಂಪರ್ಕ ಸಿಕ್ಕಿಲ್ಲ ಎಂದು ಅರ್ಥವೆಂದು ತಿಳಿಯಿತು. ಗುಡ್ಡಣ್ಣನಿಗೆ ಹೇಳಿದರೆ ಅವನು ನಂಬಲಿಲ್ಲ. “ಬುಕ್ ಬರ್ದವ್ನಿಗೆ ಮೀನಿನ ಗುರ್ತ ಇಲ್ಲೆ,” ಎಂದ.

ನಾಲ್ಕೂವರೆಗೆ ಜನ ಬರತೊಡಗಿದರು. ಐದಕ್ಕೆ ಹತ್ತು ನಿಮಿಷ ಇರುವಾಗ ಮಂಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಇಪ್ಪತ್ತೊಂದು ವರ್ಷದ ನಂತರ ಆ ಚಾವಡಿಗೆ ಕಾಲಿಟ್ಟು, ಬಾಗಿಲ ಹತ್ತಿರವೇ ನಿಂತ. ಬಾಗಿ ಮುಖ ತಿರುಗಿಸಿ ಕೂತಿದ್ದಳು. ಟಿವಿ ಖಾಲಿ ನೀಲಿ. ಸುಜನ ಇನ್ನೂ ವಾಯರಿನ ಗಂಟು ಬಿಚ್ಚಲು ಹೆಣಗುತ್ತಿದ್ದ.

“ಆತ್ತಾ ಇಲ್ಯಾ? ಇಲ್ಲೆ ಅಂದ್ರೆ ನಾನ್ ಹೋತೆ. ನಾಳಿಗೆ ನಮ್ಮನಿಗೆ ಜನ ಬತ್ರ್,” ಎಂದ ಮಂಜ.

ಸುಜನನಿಗೆ ಒಂದು ಗಂಟಿಗೆ ಸಿಕ್ಕಿ ತನ್ನ ಬದುಕೇ ಹೋಯಿತಲ್ಲ ಎನಿಸಿತು. ಅಷ್ಟರಲ್ಲಿ ಅಪ್ಪನ ಬೆನ್ನ ಹಿಂದಿನಿಂದ ಸೌಜನ್ಯ ಒಳಗೆ ಬಂದಳು. ಪೆಟ್ಟಿಗೆ ಬಂದ ರಟ್ಟಿನ ಡಬ್ಬವನ್ನು ಎತ್ತಿ ಕೊಡವಿದಳು. ತಳದಿಂದ ಎರಡು ಗೇಣು ಉದ್ದದ ವಾಯರೊಂದು ಬಿತ್ತು.

“ಇದ್ ಸಾಕಲ್ದಾ? ಕಂಪ್ಯೂಟರ್‌ನ್ನೇ ಕೆಳ್ಗೆ ತಂದ್ರೆ ಆಯ್ತ್,” ಎಂದಳು.

ಬೆಳಗಿನಿಂದ ಅಷ್ಟು ಜನ ಯೋಚಿಸಿದರೂ ಯಾರ ತಲೆಗೂ ಹೊಳೆಯದ ಮಾತದು. ನಾಲ್ಕು ಜನ ಮಹಡಿಗೆ ಓಡಿ ಕಂಪ್ಯೂಟರನ್ನು ಹೊತ್ತು ತಂದು ಟಿವಿಯ ಬುಡದಲ್ಲಿ ಕೂರಿಸಿದರು. ಸೌಜನ್ಯ ವಾಯರ್ ಸಿಕ್ಕಿಸಿ ನಾಲ್ಕು ಗುಂಡಿ ಒತ್ತಿದಳು. ಪೆಟ್ಟಿಗೆಯ ದೀಪ ಹಸಿರಾಯಿತು.

“ಅಯ್ಯೋ, ಹಳ್ಸಿತ್!” ಎಂದ ಗುಡ್ಡಣ್ಣ.

ಆದರೆ ಟಿವಿಯಲ್ಲಿ ಬಂದರು ಮೂಡಿತ್ತು. ಹೊಸ ಬಣ್ಣದ ಬೋಟು, ಚೆಂಡು ಹೂವಿನ ಮಾಲೆ, ಅದರ ಮುಂದೆ ನಗುತ್ತ ನಿಂತ ಸುಜನನ ಅಪ್ಪ. ಆರು ವರ್ಷದ ಹಿಂದೆ ತೀರಿಕೊಂಡ ಮನುಷ್ಯ ಗೋಡೆಯ ತುಂಬ ನಿಂತು ಯಾರಿಗೋ ಕೈ ಬೀಸುತ್ತಿದ್ದ. ಬಾಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಂಜ ತಲೆ ತಗ್ಗಿಸಿದ. ಅವನೂ ಸುಜನನ ಅಪ್ಪನೂ ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರಾಗಿದ್ದರು. ಸುಜನನಿಗೆ ಗಿಂಡಿಯೂ ಬೇಡ ಮದುವೆಯೂ ಬೇಡ, ಇದೊಂದು ಹೀಗೇ ಓಡುತ್ತಿರಲಿ ಎನಿಸಿಬಿಟ್ಟಿತು.

ಅಷ್ಟರಲ್ಲಿ ಪರದೆಯಲ್ಲಿ ತೆಳ್ಳಗಿನ ಮಂಜ ಬಂದ. ಕೈಯಲ್ಲಿ ಗಿಂಡಿ! ಈಗ ಅದರ ಮೂತಿಯೂ ಸ್ಪಷ್ಟ.

“ಕಾಣಿ, ಎಲ್ರೂ ಕಾಣಿ!” ಎಂದು ಬಾಗಿ ಎದ್ದು ನಿಂತಳು.

ಪರದೆಯ ಮಂಜ ಬೋಟಿನ ಮೂತಿಗೆ ನೀರು ಹೊಯ್ದ. ಗಿಂಡಿಯನ್ನು ದಡದ ಹಲಗೆಯ ಮೇಲಿಟ್ಟ. ಕೈ ಮುಗಿದು, ಬರಿಗೈಯಲ್ಲಿ ಆಚೆ ಹೋದ. ಚಾವಡಿಯಲ್ಲಿ ಬಿಳಿ ಅಂಗಿಯ ಮಂಜ ಎದೆಯುಬ್ಬಿಸಿ ಉಸಿರು ಬಿಟ್ಟ. ಸುಜನ ಕುಣಿಯುವುದೊಂದು ಬಾಕಿ.

ಆಗ ಪರದೆಯ ಎಡ ಮೂಲೆಯಿಂದ, ಕಂಪ್ಯೂಟರಿನಲ್ಲಿ ನೊಣದಷ್ಟೂ ಕಾಣಿಸದಿದ್ದ ಜಾಗದಿಂದ, ಆರು ವರ್ಷದ ಒಬ್ಬ ಹುಡುಗ ಬಂದ. ಮೈಮೇಲೆ ಉಡಿದಾರ ಬಿಟ್ಟರೆ ಏನೂ ಇರಲಿಲ್ಲ. ಗಿಂಡಿ ಎತ್ತಿಕೊಂಡು ನೀರಿನಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಅದರಲ್ಲಿ ಮರಿಮೀನು ಹಿಡಿಯತೊಡಗಿದ. ಒಂದು ಸಲ ಮೊಗೆದ, ಎರಡು ಸಲ ಮೊಗೆದ, ಮೂರನೆಯ ಸಲ ಕೈ ಖಾಲಿಯಾಗಿ ಮೇಲೆ ಬಂತು. ಹುಡುಗ ಆಚೆ ನೋಡಿದ, ಈಚೆ ನೋಡಿದ. ಆಮೇಲೆ ಏನೂ ಆಗದವನಂತೆ ಕೈ ಹಿಂದೆ ಕಟ್ಟಿಕೊಂಡು ಹೋದ. ಹೆಂಗಸರ ಗುಂಪಿನಿಂದ ಬಾಗಿ ಬಂದು ಅವನನ್ನೆತ್ತಿ ಲೊಚಲೊಚನೆ ಮುತ್ತಿಟ್ಟಳು.

“ಆ ಹೈದ ಯಾರ್?” ಎಂದು ಗುಡ್ಡಣ್ಣ ಕೇಳಿದ. ರಿಮೋಟ್ ಅವನ ಕೈಯಲ್ಲಿತ್ತು. ಗುರುತು ಹತ್ತಲೆಂದು ಅವನು ಅದೇ ಭಾಗವನ್ನು ಮತ್ತೆ ಮೂರು ಸಲ ತೋರಿಸಿದ.

ಇಡೀ ಚಾವಡಿ ಸುಜನನ ಕಡೆ ತಿರುಗಿತು. ಸುಜನ ಆಣೆ ಮಾಡಿ ಹೇಳಬಲ್ಲ, ಅವನಿಗೆ ಒಂದು ಚೂರೂ ನೆನಪಿರಲಿಲ್ಲ. ಆದರೆ ಅಷ್ಟು ದೊಡ್ಡ ಪರದೆಯ ಮುಂದೆ ನೆನಪನ್ನು ಕೇಳುವವರು ಯಾರು?

ಬಾಗಿ ನಿಧಾನವಾಗಿ ಬಾಗಿಲ ಹತ್ತಿರ ಹೋದಳು. “ಮಂಜಣ್ಣ, ನನ್ನ ನಾಲ್ಗಿಗೆ ಬೆಂಕಿ ಬೀಳ್ಲಿ. ಇಷ್ಟ್ ವರ್ಷ ನಿಮ್ಗೆ ಕಳ್ಳ ಅಂದೆ. ತಪ್ಪಾಯ್ತ್,” ಎಂದು ಕೈ ಮುಗಿದಳು.

“ಬಿಡಿ ಬಾಗಕ್ಕ. ಅವ ಇದ್ದಿದ್ರೆ ಇವತ್ತ್ ನೆಗ್ಯಾಡ್ತಿದ್ದ,” ಎಂದು ಮಂಜ ಟಿವಿಯ ಕಡೆ ನೋಡಿ ಕಣ್ಣೊರೆಸಿಕೊಂಡ.

ಚಹಾ ಬಂತು. ಮಂಜ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಇದೇ ಸಮಯ ಎಂದು ಸುಜನ ಗಂಟಲು ಸರಿಮಾಡಿಕೊಂಡ.

“ಮಂಜಣ್ಣ, ಎಲ್ಲ ಸಮ ಆಯ್ತಲ್ದಾ. ಹಾಂಗಾರೆ ನಮ್ಮ ವಿಷ್ಯ...”

ಮಂಜ ಲೋಟ ಕೆಳಗಿಟ್ಟ. “ಎಂತ ವಿಷ್ಯ? ಗಿಂಡಿ ನೀರಿಗ್ ಹಾಕಿ, ಬಾಯಿ ಮುಚ್ಕಂಡ್, ಇಪ್ಪತ್ತೊಂದ್ ವರ್ಷ ನಂಗೆ ಕಳ್ಳ ಅಂತ ಹೇಳ್ಸಿದವ್ನಿಗೆ ನಾನ್ ಹೆಣ್ಣ್ ಕೊಡುದಾ?”

ಸುಜನ ತಾಯಿಯ ಕಡೆ ನೋಡಿದ.

“ಮಂಜಣ್ಣ ಹೇಳುದ್ ಸಮವೇ,” ಎಂದಳು ಬಾಗಿ. “ನಂಗ್ ಮಗ್ಳ್ ಇದ್ದಿದ್ರೆ ನಾನೂ ಕೊಡ್ತಿರ್ಲಿಲ್ಲೆ. ಮಂಜಣ್ಣ, ನಾಳಿಗೆ ಬೈಂದೂರಿನವ್ರ್ ಬಪ್ಪತ್ತಿಗೆ ಕಡುಬು, ಸಾರು ಎಲ್ಲ ನಾನೇ ಮಾಡ್ತೆ. ನೀವ್ ಎಂತದೂ ಯೋಚ್ನೆ ಮಾಡ್ಬೇಡಿ. ಸುಜನ, ನೀನ್ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗ್ ಹೋಯಿ ಅವ್ರ್‌ನ್ನೆಲ್ಲ ಮನಿಗ್ ಕರ್ಕಂಡ್ ಬಾ. ತಪ್ಪಿಗೆ ಅಷ್ಟಾರೂ ಮಾಡ್.”

ಜನ ಚಹಾ ಮುಗಿಸಿ ಎದ್ದರು. ಮಂಜನೂ ಬಾಗಿಯೂ ಬೇಲಿಯ ಹತ್ತಿರ ನಿಂತು ಅದನ್ನು ಎಲ್ಲಿಂದ ಕೀಳುವುದೆಂದು ಮಾತಾಡುತ್ತಿದ್ದರು. ಸುಜನ ಕಂಪ್ಯೂಟರಿನ ಪಕ್ಕದಲ್ಲೇ ಕುಸಿದು ಕೂತಿದ್ದ. ಖಾಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದ ಸೌಜನ್ಯ ಅವನ ಹತ್ತಿರ ಬಗ್ಗಿದಳು. ನಗು ತಡೆಯಲು ಅವಳಿಗೆ ಆಗುತ್ತಿರಲಿಲ್ಲ.

“ಬೈಂದೂರಿನವ್ರ್‌ನ್ ಕರ್ಕಂಡ್ ಬಪ್ಪುಕೆ ನೀವೇ ಅಲ್ದಾ ಹೋಪುದ್?” ಎಂದಳು ಮೆಲ್ಲಗೆ. “ಬಪ್ಪತ್ತಿಗೆ ಅವ್ರಿಗೆ ಚೂರ್ ದಾರಿ ತಪ್ಸಿ.”