ನಮ್ಮ ಟೀಮು ತೊಟ್ಟ ಅಂಗಿಗಳು

ನಂಜನಗೂಡಿನ ಒಂದು ಕಾರ್ಖಾನೆಯ ಫುಟ್‌ಬಾಲ್ ಟೀಮಿಗೆ ನಾನು ಗೋಲ್‌ಕೀಪರ್. ಆಟಗಾರರಿಗೆ ಅಂಗಿ ಹೊಲಿಸೋ ಜವಾಬ್ದಾರಿಯೂ ನಂದೇ. ತೊಂಬತ್ತರ ದಶಕದಿಂದ ಹದಿನೈದು ವರ್ಷ ಆಡಿದೆವು. ಆಟದಲ್ಲಿ ಆಗದ ಎಡವಟ್ಟುಗಳೆಲ್ಲ ನಮಗೆ ಅಂಗಿಯಲ್ಲೇ ಆಗ್ತಿದ್ದವು.

ಹನ್ನೆರಡನೆಯವರು

ಮೊದಲ ಯೂನಿಫಾರಂ ಹೊಲಿಸಿದ್ದು ಸ್ಟೋರಿನಲ್ಲಿ ಉಳಿದಿದ್ದ ನೀಲಿ ಬಟ್ಟೆಯಲ್ಲಿ. ಅದು ವಾಚ್‌ಮನ್‌ಗಳ ಬಟ್ಟೆ ಅಂತ ಮ್ಯಾನೇಜರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ಮ್ಯಾಚಿನ ದಿನ ನಮ್ಮ ಕಾರ್ಖಾನೆಯ, ಹೆಮ್ಮಿಗೆ ಊರಿನ ವಾಚ್‌ಮನ್ ಒಬ್ಬರು ಎದುರಾಳಿಯ ಗೋಲಿನ ಪಕ್ಕ ಲಾಠಿ ಹಿಡಿದು ನಿಂತಿದ್ದರು. ನೀಲಿ ಕಂಡಿದ್ದೇ ತಡ, ನಮ್ಮ ಹುಡುಗ ಅವರಿಗೇ ಪಾಸ್ ಕೊಟ್ಟ. ಅವರು ಲಾಠಿ ಕಂಕುಳಿಗೆ ಸಿಕ್ಕಿಸಿ ಒಂದು ಒದ್ದರು ನೋಡಿ, ಚೆಂಡು ಬಲೆಯೊಳಗೆ! ರೆಫರಿ ಗೋಲಿಲ್ಲ ಅಂದರು. ವಾಚ್‌ಮನ್‌ಗೆ ಸಿಟ್ಟು ಬಂತು.

"ಯಾಕಿಲ್ಲ ಸಾ? ನಂದು ಈಗ್ ತಾನೇ ಶಿಫ್ಟ್ ಶುರುವಾಯ್ತು!"

ಹದ್ದು

ಆಮೇಲೆ ಟೀಮಿಗೊಂದು ಲಾಂಛನ ಬೇಕು ಅಂತಾಯ್ತು. ತಿ. ನರಸೀಪುರದ ಬೋರ್ಡ್ ಪೇಂಟರ್ ಒಬ್ಬರು ಹನ್ನೊಂದು ಬಿಳಿ ಅಂಗಿಗಳ ಎದೆ ಮೇಲೆ ಕೆಂಪು ಹದ್ದು ಬರೆದುಕೊಟ್ಟರು. ಚೆನ್ನಾಗೇ ಇತ್ತು. ಪೇಂಟು ಸರಿಯಾಗಿ ಒಣಗೋ ಮೊದಲೇ ನಾನು ಅವನ್ನು ಇಸ್ತ್ರಿಗೆ ಕೊಟ್ಟುಬಿಟ್ಟೆ. ಕೆಂಡದ ಪೆಟ್ಟಿಗೆಯ ತಳಕ್ಕೆ ಹದ್ದು ಅಂಟಿಕೊಂಡಿತು. ಅದೇ ಪೆಟ್ಟಿಗೆಯನ್ನು ಇಸ್ತ್ರಿಯವರು ಮುಂದಿನ ಗಿರಾಕಿಯ ಬಿಳಿ ಪಂಚೆ ಮೇಲೆ ಎಳೆದರು. ಆ ಗಿರಾಕಿ ಒಬ್ಬ ಹೆಡ್‌ಮಾಸ್ಟರು. ಪಂಚೆ ಬಿಡಿಸಿ ಹಿಡಿದುಕೊಂಡು ಅಂಗಡಿಗೇ ಬಂದರು. ನಾನೂ ಅಲ್ಲೇ ಇದ್ದೆ.

"ಏನ್ರೀ ಇದು?" ಅಂತ ಇಬ್ಬರೂ ಒಟ್ಟಿಗೆ ಕೇಳಿದೆವು.

ಇಸ್ತ್ರಿಯವರು ನನ್ನ ಕಡೆ ತಿರುಗಿದರು. "ಹದ್ದು ಬರ್ಸಿದೋರು ನೀವು ಸಾ. ಹಾರ್ತು. ನಾನೇನ್ ಮಾಡ್ಲಿ?"

ಒಂಬತ್ತು

ಬೆನ್ನ ಮೇಲೆ ನಂಬರ್ ಹಾಕಿಸೋಕೆ ಹೊರಟಾಗ ಎಂಟು ಯಾರಿಗೂ ಬೇಡ, ಶನಿ ನಂಬರಂತೆ. ಒಂಬತ್ತು ನಾಲ್ಕು ಜನಕ್ಕೆ ಬೇಕು. ಜಗಳ ಯಾಕೆ ಅಂತ ನಾಲ್ವರಿಗೂ ಒಂಬತ್ತೇ ಹೊಲಿಸಿದೆ. ಮ್ಯಾಚಿನಲ್ಲಿ ರೆಫರಿ ಹಳದಿ ಕಾರ್ಡ್ ಎತ್ತಿ "ನಂಬರ್ ಒಂಬತ್ತು!" ಅಂದರೆ, ನಾಲ್ಕೂ ಜನ "ನಾನಲ್ಲ ಸಾರ್" ಅಂದರು. ರೆಫರಿ ಬಲು ಚುರುಕು. ಪುಸ್ತಕದಲ್ಲಿ "ಒಂಬತ್ತು, ಮೀಸೆ ಇರುವವನು" ಅಂತ ಬರೆದುಕೊಂಡರು.

ಮುಂದಿನ ಮ್ಯಾಚಿಗೆ ಅವನು ಮೀಸೆ ಬೋಳಿಸಿಕೊಂಡು ಬಂದ.

ಒಳಮಗ್ಗುಲು

ತಿ. ನರಸೀಪುರದ ಫೈನಲ್ ಮಾತ್ರ ಸಾಯೋವರೆಗೂ ಮರೆಯಲ್ಲ. ಆವರೆಗೆ ನಾವು ಒಂದೂ ಕಪ್ ಗೆದ್ದವರಲ್ಲ. ಗೆದ್ದೆವು ಅಂತ ಮೊದಲೇ ಹೇಳಿಬಿಡ್ತೀನಿ, ಮಜಾ ಇರೋದು ಅದರಲ್ಲಲ್ಲ.

ಮೈದಾನಕ್ಕೆ ಇಳಿದರೆ ಎರಡೂ ಟೀಮಿನದು ಹಸಿರು ಅಂಗಿ. ಟಾಸ್ ಹಾಕಿದರು, ನಾವು ಸೋತೆವು. "ಅಂಗಿ ಉಲ್ಟಾ ಮಾಡಿ ಹಾಕ್ಕೊಳ್ರಪ್ಪ" ಅಂದರು ರೆಫರಿ. ಬಟ್ಟೆ ತೆಳು, ಬೆವರು ಹೀರಲಿ ಅಂತ ನಮ್ಮ ಟೈಲರಮ್ಮ ಆ ಸಲ ಒಳಗೆ ಲೈನಿಂಗ್ ಕೊಟ್ಟಿದ್ದರು. ಏನು ಲೈನಿಂಗ್ ಅಂತ ಗೊತ್ತಾಗಿದ್ದು ಉಲ್ಟಾ ಮಾಡಿದಾಗಲೇ. ಮೈದಾ ಚೀಲ! ಹಮಾಲರಿಗೆ ಅಂತ ಒತ್ತಿದ್ದ ಅಚ್ಚು ಕೂಡ ಹೋಗಿರಲಿಲ್ಲ. ಊದಿದರೆ ಹಾರಿಹೋಗೋ ಹಾಗಿದ್ದ ನಮ್ಮ ಫಾರ್ವರ್ಡ್‌ನ ಬೆನ್ನ ಮೇಲೆ "ನಿವ್ವಳ ತೂಕ ೯೦ ಕೆಜಿ". ಮಳೆ ಹನಿ ಶುರುವಾಗಿತ್ತು, ನನ್ನ ಎದೆ ಮೇಲೆ "ತೇವ ತಾಗದಂತೆ ಇಡಿ". ಜನ ಬಿದ್ದು ಬಿದ್ದು ನಕ್ಕರು.

ಆ ತೊಂಬತ್ತು ಕೆಜಿಯೇ ಒಂದು ಗೋಲು ಹೊಡೆದ. ಇನ್ನೇನು ಆಟ ಮುಗೀಬೇಕು, ಅಷ್ಟರಲ್ಲಿ ನಮ್ಮ ಹಿರಿಯ ಬ್ಯಾಕ್ ಆಟಗಾರ ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಕೆಡವಿದ. ಫೌಲ್ ಅಂದರೆ ಒಪ್ಪಲೊಲ್ಲ.

"ನಾನೇನ್ ತಪ್ಪು ಮಾಡ್ದೆ ಸಾರ್?"

ರೆಫರಿ ಅವನ ಭುಜ ಹಿಡಿದು ತಿರುಗಿಸಿ, ಬೆನ್ನ ಮೇಲಿದ್ದುದನ್ನು ಜೋರಾಗಿ ಓದಿದರು:

"ಕೊಕ್ಕೆ ಹಾಕಬೇಡಿ!"